ಗುಡ್ಡದ ಪತಂಗಕ್ಕೆ ಬಡಿಸಿದ ಎಲೆ

ಇವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಇಬ್ಬರೇ, ನಾನು ಮತ್ತು ನನ್ನ ಅತ್ತೆ. ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ ನಾನು. ಈಗ ಕರೆಯಲು ಅವರೇ ಇಲ್ಲದಿದ್ದರೂ ಬಾಯಿಗೆ ಬರುವುದು ‘ಇವರು’ ಅಂತಲೇ. ನವಿ ಮುಂಬಯಿಯ ಖಾರಘರದ ಗುಡ್ಡದ ಬುಡದಲ್ಲಿ ನಮ್ಮ ಕಟ್ಟಡ, ಮೇಲಿನ ಮಹಡಿಯೊಂದರಲ್ಲಿ ಮನೆ. ಮಕ್ಕಳಿಲ್ಲದ ನಮಗೆ ಅದು ಸಾಕಾಗಿತ್ತು. ಮಳೆಗಾಲದಲ್ಲಿ ಅಡುಗೆಮನೆಯ ಕಿಟಕಿ ತೆರೆದರೆ ಗುಡ್ಡದಿಂದ ಬೀಳುವ ನೀರಿನ ಸದ್ದು ಕುಕ್ಕರಿನ ಸೀಟಿಯ ನಡುವೆಯೂ ಕೇಳುತ್ತದೆ. ಮನೆ ನೋಡಲು ಬಂದ ದಿನ ಇವರು, “ನಮ್ಮ ಊರಿನ ಗುಡ್ಡದ ಹಾಗೇ ಉಂಟು ಮಾರಾಯ್ತಿ” ಅಂದಿದ್ದರು. “ಊರಿನ ಗುಡ್ಡಕ್ಕೆ ಲಿಫ್ಟ್ ಇರಲಿಲ್ಲ” ಅಂದಿದ್ದೆ ನಾನು. ನನ್ನ ನಾಲಿಗೆ ಯಾವತ್ತೂ ಹೀಗೇ.

ಇವರು ಹೋಟೆಲಿನವರು. ಮೊದಲು ಡೊಂಬಿವಲಿಯಲ್ಲಿ ಸ್ಟೇಷನ್ನಿನ ಹತ್ತಿರ, ಆಮೇಲೆ ವಾಶಿಯಲ್ಲಿ ದೊಡ್ಡ ಮಾರ್ಕೆಟ್ಟಿನ ಪಕ್ಕ, ಉಡುಪಿ ಕಡೆಯವರದೇ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ತರಕಾರಿ ಮೂಟೆ ಇಳಿಸುವ ಕಲಬುರಗಿ, ರಾಯಚೂರಿನ ಹಮಾಲರು ಒಳಗೆ ಬಂದರೆ ಅವರ ಮಾತಿನಲ್ಲೇ “ಊಟ ಆತೇನ್ರಿ?” ಎಂದು ಕೇಳುತ್ತಿದ್ದರು. ಹೋಟೆಲಿಗೆ ಊಟಕ್ಕೇ ಬಂದವರನ್ನು ಊಟ ಆಯ್ತಾ ಅಂತ ಕೇಳುವುದು ಎಂತಹ ಕಥೆ ಅಂತ ನಾನು ನಗುತ್ತಿದ್ದೆ. ಮಧ್ಯಾಹ್ನ ಜನ ಮುಗಿಬಿದ್ದಾಗ ಮಾತ್ರ ಇವರ ರಾಗ ಬದಲಾಗುತ್ತಿತ್ತು. “ಊಟ ಆದವರು ಏಳಿ ಮಾರಾಯ್ರೆ, ನಿಂತವರು ಕಾಯ್ತಾ ಇದ್ದಾರೆ!” ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆ ಗದ್ದಲ ಇಳಿದ ಮೇಲೆ, ತಾವು ಉಣ್ಣುವುದಕ್ಕೂ ಮೊದಲು, ಮನೆಗೊಂದು ಫೋನು ಮಾಡುತ್ತಿದ್ದರು. “ಊಟ ಆಯ್ತಾ?” ನಾನು “ಆಯ್ತು” ಅಂದರೆ ಮುಗಿಯಿತು, ಇಟ್ಟುಬಿಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇಷ್ಟಕ್ಕೇ ಫೋನಾ ಅಂತ ಸಿಟ್ಟು ಬರುತ್ತಿತ್ತು. ಆಮೇಲೆ ಆ ಫೋನು ಬಾರದೆ ಕೈ ತೊಳೆಯಲು ಮನಸ್ಸಾಗುತ್ತಿರಲಿಲ್ಲ.

ಅಂಥವರಿಗೆ ಬಂದದ್ದು ಅನ್ನನಾಳದ ಕ್ಯಾನ್ಸರ್. ಊರಿಗೆಲ್ಲ ಬಡಿಸಿದವರಿಗೆ ತುತ್ತು ಇಳಿಯದ ರೋಗ. ದೇವರಿಗೆ ಸ್ವಲ್ಪವೂ ನಾಚಿಕೆ ಬೇಡವಾ ಅಂತ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಗಟ್ಟಿಯಾಗಿಯೇ ಹೇಳಿದ್ದೆ. ಮೊದಲು ಅನ್ನ ನಿಂತಿತು, ಆಮೇಲೆ ಗಂಜಿ, ಕೊನೆಗೆ ತಿಳಿ. ಅತ್ತೆ ಮಾತ್ರ ಸೋಲಲಿಲ್ಲ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಉಪ್ಪು ಹಾಕಿ, ಚಮಚ ಹಿಡಿದು ಮಗನ ಮಂಚದ ಹತ್ತಿರ ಕೂರುತ್ತಿದ್ದರು. ಕೊನೆಯ ದಿನಗಳಲ್ಲಿ ಇವರು ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಮಾತು ಆಗಲೇ ನಿಂತಿತ್ತು. “ನನ್ನ ಮೇಲೆ ಕೋಪವಾ ಮಗಾ?” ಎಂದು ಅತ್ತೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನೋವಿಗೆ ಹಾಗೆ ಮಾಡುತ್ತಾರೆ, ಕೋಪಕ್ಕಲ್ಲ ಅಂತ ನಾನು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ನನ್ನ ಕೈಯ ಅನ್ನ ಬೇಡ ಅಂದು ಹೋದ ಎನ್ನುವ ಒಂದು ಮಾತು ಅವರ ಎದೆಯಲ್ಲಿ ಕೂತುಬಿಟ್ಟಿತ್ತು.

ಅದಕ್ಕೆ ಸರಿಯಾಗಿ ಕಾಗೆಯೂ ಬರಲಿಲ್ಲ. ಕರ್ಮ ಮಾಡಿದ್ದು ಘಣಸೋಲಿಯಲ್ಲಿರುವ ನನ್ನ ಮೈದುನ. ಪಿಂಡ ಇಟ್ಟ ದಿನ ಮಳೆ ಹಿಡಿದುಕೊಂಡಿತ್ತು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದು ಲೆಕ್ಕ. ನಾವು ಕೊಡೆ ಹಿಡಿದು ಆಕಾಶ ನೋಡುತ್ತಾ ನಿಂತೆವು. ಬಂದದ್ದು ಪಾರಿವಾಳಗಳು. ಈ ನವಿ ಮುಂಬಯಿಯಲ್ಲಿ ಯಾವ ಕಿಟಕಿ ನೋಡಿದರೂ ಅವೇ. ಮೈದುನ ಅವುಗಳನ್ನು ಓಡಿಸುವುದು, ಅವು ಮತ್ತೆ ಬರುವುದು. ಕೊನೆಗೆ ಭಟ್ಟರು ದರ್ಭೆಯಲ್ಲಿ ಒಂದು ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿ, “ಆಯ್ತು, ಇದೂ ಶಾಸ್ತ್ರವೇ” ಅಂದರು. ಎಲ್ಲರೂ ಸಮಾಧಾನದಿಂದ ಮನೆಗೆ ಬಂದರು, ಅತ್ತೆಯೊಬ್ಬರನ್ನು ಬಿಟ್ಟು. “ಹುಲ್ಲಿನ ಕಾಗೆಗೆ ಹೊಟ್ಟೆ ಉಂಟಾ?” ಎಂದು ನನ್ನನ್ನೇ ಕೇಳಿದರು.

ಅವತ್ತಿನಿಂದ ಅವರ ಊಟ ಕಡಿಮೆಯಾಯಿತು. ಅರ್ಧ ಲೋಟ ಕಾಫಿ, ಎರಡು ತುತ್ತು ಮೊಸರನ್ನ, ಮುಗಿಯಿತು. ಸಕ್ಕರೆ ಕಾಯಿಲೆಯವರು, ಮಾತ್ರೆ ತೆಗೆದುಕೊಳ್ಳುವವರು. ಹದಿಮೂರನೆಯ ದಿನದ ಊಟ ಮುಗಿದು, ನೆಂಟರೆಲ್ಲ ಪಾತ್ರೆ ಪಗಡೆ ತೊಳೆದಿಟ್ಟು ಹೋದ ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಬಂತು.

ಅತ್ತೆಯ ಮಂಚದ ಮೇಲಿನ ಗೋಡೆಯಲ್ಲಿ ಕೂತಿತ್ತು. ಅಂಗೈ ಅಗಲದ ಪತಂಗ. ಚಿಟ್ಟೆಯಲ್ಲ, ರೆಕ್ಕೆ ಮಡಚದೆ ಗೋಡೆಗೆ ಒತ್ತಿಕೊಂಡು ಹರಡಿತ್ತು. ಪೂರ್ತಿ ಅರಸಿನದ ಬಣ್ಣ. ನಾಲ್ಕು ರೆಕ್ಕೆಯ ಮೇಲೂ ಕೆಂಪು ಮಣ್ಣಿನ ಬಣ್ಣದ ಒಂದೊಂದು ಗುಂಡನೆಯ ಕಣ್ಣು, ಅಂಚಿನಲ್ಲಿ ಅಲೆ ಅಲೆಯಾದ ಗೆರೆ. ಊರಿನಲ್ಲಾಗಲಿ ಇಲ್ಲಾಗಲಿ ಇಂಥದ್ದನ್ನು ನಾನು ಕಂಡವಳಲ್ಲ. ನಮ್ಮ ಕಡೆ, ಸಾವಿನ ಮನೆಗೆ ದೊಡ್ಡ ಪತಂಗ ಬಂದರೆ ಓಡಿಸುವುದಿಲ್ಲ. ಹೋದವರು ನೋಡಲು ಬಂದಿದ್ದಾರೆ ಅನ್ನುತ್ತಾರೆ. ನನಗೆ ಅಂಥದ್ದರಲ್ಲಿ ನಂಬಿಕೆ ಇಲ್ಲ. ಅತ್ತೆ ಮಾತ್ರ ಮಂಚದಿಂದ ಮೆಲ್ಲಗೆ ಎದ್ದು ನಿಂತು, “ಬತ್ತನಾ ಮಗಾ?” ಅಂದರು. ಬಂದೆಯಾ ಮಗನೇ ಅಂತ. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ ಅಷ್ಟೇ. ಆ ಎರಡು ಶಬ್ದ ಕೇಳಿ ನನ್ನ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

“ಬಾಳೆಲೆ ಉಂಟಾ?” ಎಂದು ಕೇಳಿದರು. ಹದಿಮೂರಕ್ಕೆ ತಂದ ಎಲೆ ಫ್ರಿಜ್ಜಿನಲ್ಲಿ ಉಳಿದಿತ್ತು. ಒಂದು ಕುಡಿ ಎಲೆ ತೆಗೆದು ಗೋಡೆಯ ಬುಡದಲ್ಲಿ ಹಾಸಿ, ನೀರು ಚಿಮುಕಿಸಿ, ಕ್ರಮವಾಗಿ ಬಡಿಸಿದರು. ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು. ಕೊನೆಗೆ ಗೋಡೆಯ ಕಡೆ ಕೈ ಮುಗಿದು ಕೂತರು. “ಅವನು ಉಣ್ಣಲಿ. ಆಮೇಲೆ ನಾನು.”

“ಅತ್ತೆ, ಅದು ಹುಳ.”

“ನಿನಗೆ ಹುಳ.”

ಪತಂಗ ಅಲುಗಲಿಲ್ಲ. ಅನ್ನ ಆರಿತು, ಎಲೆ ಬಾಡಿತು, ನಾನು ತೆಗೆದು ಕಸಕ್ಕೆ ಹಾಕಿದೆ. ಅತ್ತೆ ನೀರು ಕುಡಿದು ಮಲಗಿದರು.

ಮರುದಿನವೂ ಅದೇ ಆಯಿತು. ಅದರ ಮರುದಿನ ಸಾರು ಹಿಡಿಸಲಿಲ್ಲವೇನೋ ಎಂದು ಹುಳಿ ಮಾಡಿಸಿದರು. ಆಮೇಲೆ ಪಾಯಸ. ಒಂದು ಸಲ ಬೆರಳಿನ ತುದಿಗೆ ಜೇನು ಹಚ್ಚಿ, ಮಂಚದ ಮೇಲೆ ಹತ್ತಿ ನಿಂತು, ಅದರ ಮುಖದ ಹತ್ತಿರ ಹಿಡಿದರು. ಬಿದ್ದರೆ ಸೊಂಟ ಮುರಿಯುತ್ತದೆ ಎಂದು ನಾನು ಕೂಗುತ್ತಾ ಕಾಲು ಹಿಡಿದುಕೊಂಡೆ. ಪತಂಗ ರೆಕ್ಕೆಯನ್ನು ಒಮ್ಮೆ ನಡುಗಿಸಿ, ಸ್ವಲ್ಪ ಆಚೆ ಸರಿದು ಮತ್ತೆ ಕೂತಿತು. “ನೋಡಿದೆಯಾ? ಆಗಲೂ ಹೀಗೇ ಮುಖ ತಿರುಗಿಸ್ತಿದ್ದ” ಎಂದು ಅತ್ತೆ ಕೆಳಗಿಳಿದರು. ಆಮೇಲೆ ಕಾಫಿಯನ್ನೂ ಬಿಟ್ಟರು.

ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದುಬಿಟ್ಟರು. ಬಾಯಿಗೆ ಸಕ್ಕರೆ ನೀರು ಬಿಟ್ಟು, ಬೆನ್ನು ಉಜ್ಜಿ, ಕೆಳಗಿನ ಕ್ಲಿನಿಕ್ಕಿನ ಡಾಕ್ಟರನ್ನು ಕರೆಸಿದೆ. ಅವರು ಮಾತ್ರೆ ಬದಲಿಸಿ, ನನ್ನನ್ನು ಬಾಲ್ಕನಿಗೆ ಕರೆದು, ಇನ್ನು ಹೀಗೇ ಉಪವಾಸವಿದ್ದರೆ ಅಡ್ಮಿಟ್ ಮಾಡಬೇಕಾಗುತ್ತದೆ, ಈ ವಯಸ್ಸಿಗೆ ಹೃದಯ ತಡೆಯುವುದಿಲ್ಲ ಅಂದರು. ನಾನು ಒಳಗೆ ಬಂದು ಜಗಳವಾಡಿದೆ, ಬೇಡಿಕೊಂಡೆ, ಅವರ ತಟ್ಟೆಯ ಮುಂದೆ ಕೂತು ಅತ್ತುಬಿಡುತ್ತೇನೆ ಎಂದು ಹೆದರಿಸಿದೆ. “ಮಗ ಹಸಿದು ಕೂತಿರುವಾಗ ಯಾವ ತಾಯಿಗೆ ಇಳಿದೀತು ಮಾರಾಯ್ತಿ?” ಇಷ್ಟೇ ಅವರದ್ದು. ಮಗನ ಹಿಂದೆ ಅತ್ತೆಯೂ ಹೊರಟುಬಿಡುತ್ತಾರೆ, ಈ ಮನೆಯಲ್ಲಿ ನಾನೊಬ್ಬಳೇ ಆಗುತ್ತೇನೆ ಅನಿಸಿತು.

ಮೈದುನನಿಗೆ ಫೋನು ಮಾಡಿದರೆ, “ಅತ್ತಿಗೆ, ಅಮ್ಮ ಮಲಗಿದಾಗ ಒಂದು ಡಬ್ಬಿಯಲ್ಲಿ ಹಿಡಿದು ಹೊರಗೆ ಬಿಟ್ಟುಬಿಡಿ. ಕೇಸ್ ಖತಂ” ಅಂದ. ಸರಿ ಅಂತ ಮಧ್ಯಾಹ್ನ ಅತ್ತೆಗೆ ಜೊಂಪು ಹತ್ತಿದಾಗ ಚಪಾತಿ ಡಬ್ಬಿ ಹಿಡಿದು ಸ್ಟೂಲು ಹತ್ತಿದೆ. ಅಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅದೇ ಮೊದಲು. ಮೈತುಂಬ ತುಪ್ಪಳ, ಹಣೆಯಲ್ಲಿ ಸಣ್ಣ ಬಾಚಣಿಗೆಯಂಥ ಎರಡು ಮೀಸೆ. ರೆಕ್ಕೆಯ ಆ ನಾಲ್ಕು ಕಣ್ಣು ನನ್ನನ್ನೇ ನೋಡುತ್ತಿದ್ದವು. ನಂಬಿಕೆಯಿಲ್ಲದವಳಿಗೆ ಡಬ್ಬಿಯನ್ನು ಅದರ ಮೇಲೆ ಕವುಚಲು ಯಾಕೆ ಆಗಬಾರದು? ಬಂದದ್ದು ಇವರೇ ಆದರೆ ತಾಯಿಯ ಗೋಡೆಯೇ ಬೇಕಾಯಿತಾ, ನಾನು ಮಲಗುವ ಕೋಣೆ ಕಾಣಲಿಲ್ಲವಾ ಎನ್ನುವ ಒಂದು ಹೊಟ್ಟೆಕಿಚ್ಚು ಕೂಡ ಎದ್ದಿತು. ಥೂ, ನನ್ನ ಬುದ್ಧಿಗೆ ಎಂತದು ಬಡಿಯಿತು ಅಂದುಕೊಂಡು ಖಾಲಿ ಡಬ್ಬಿ ಹಿಡಿದೇ ಕೆಳಗಿಳಿದೆ.

ಅವತ್ತೇ ಸಂಜೆ ಮೊಸರು ತರಲು ಹೋದವಳಿಗೆ ಲಿಫ್ಟಿನಲ್ಲಿ ಕೆಳಗಿನ ಮಹಡಿಯ ಹುಡುಗಿ ಸಿಕ್ಕಳು. ಕಾಲೇಜಿನಲ್ಲಿ ಜೀವಶಾಸ್ತ್ರ ಓದುವವಳು. ಮಳೆಗಾಲ ಬಂದರೆ ಗೆಳತಿಯರ ಜೊತೆ ಗುಡ್ಡ ಹತ್ತಿ, ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ದೀಪ ಬಿಟ್ಟು, ಬಂದು ಕೂರುವ ಹುಳಗಳ ಫೋಟೋ ತೆಗೆಯುತ್ತಾಳೆ. ಇಡೀ ಕಟ್ಟಡಕ್ಕೆ ಅದೊಂದು ತಮಾಷೆ. ಅವಳ ತಂದೆ ತಾಯಿ ವಿಜಯಪುರದ ಕಡೆಯವರು. ತಾಯಿ ನನ್ನ ಜೊತೆ ಅವರ ಕನ್ನಡದಲ್ಲೇ ಮಾತಾಡುತ್ತಾರೆ. ಈ ಹುಡುಗಿ ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಹಿಂದಿಯಲ್ಲಿ.

ನಾನೂ ಅವಳಿಗೆ ಸುಲಭವಾಗಲಿ ಎಂದು ಹಿಂದಿಯಲ್ಲೇ ಶುರುಮಾಡಿದೆ. “ಬೇಟಾ, ಹಮಾರೇ ಘರ್ ಮೇ ಪತಂಗ್ ಆಕೇ ಬೈಠಾ ಹೈ. ಜಾತಾ ಹೀ ನಹೀಂ.” ಪತಂಗವೊಂದು ಬಂದು ಕೂತಿದೆ, ಹೋಗುವುದೇ ಇಲ್ಲ ಅಂತ.

“ಪತಂಗ್? ಮಳೆಯಲ್ಲಿ ಯಾರು ಹಾರಿಸುತ್ತಾರೆ ಆಂಟಿ?” ಎಂದು ಹಿಂದಿಯಲ್ಲಿ ಕೇಳಿದಳು. “ಮಾಂಝಾ ದಾರ ಕಿಟಕಿಗೆ ಸಿಕ್ಕಿಕೊಂಡಿದ್ದರೆ ವಾಚ್‌ಮನ್‌ಗೆ ಹೇಳಿ.”

ಆಮೇಲೆ ಹೊಳೆಯಿತು, ಇಲ್ಲಿಯವರಿಗೆ ಪತಂಗ ಅಂದರೆ ಗಾಳಿಪಟ. ನಾನು ಎರಡೂ ಕೈ ಹರಡಿ ಲಿಫ್ಟಿನಲ್ಲೇ ರೆಕ್ಕೆ ಬಡಿದು ತೋರಿಸಿದೆ. ಅವಳು ನಕ್ಕುಬಿಟ್ಟಳು. “ಅಚ್ಛಾ, ಪಾತರಗಿತ್ತಿ! ಮೇರೀ ಆಜೀ ಬೋಲ್ತೀ ಥೀ.” ಅವಳ ಅಜ್ಜಿ ಹೇಳುತ್ತಿದ್ದ ಶಬ್ದವಂತೆ. ಬಣ್ಣ ಹೇಳಿದ್ದೇ ನಗು ನಿಂತಿತು. ಕೆಳಗೆ ಹೋಗಬೇಕಾದವಳು ನನ್ನ ಜೊತೆ ಮೇಲೆ ಬಂದಳು.

ಕೋಣೆಯ ಬಾಗಿಲಲ್ಲೇ ನಿಂತು, “ಯೇ? ಯಹಾಂ?” ಎಂದು ಪಿಸುಗುಟ್ಟಿದಳು. ಇದು ಗುಡ್ಡದ ನೆತ್ತಿಯ ಕಾಡಿನದಂತೆ. ಮೂರು ಮಳೆಗಾಲ ಹುಡುಕಿ ತಾನು ಒಂದೇ ಒಂದನ್ನು ನೋಡಿದ್ದಂತೆ, ಅದೂ ರೆಕ್ಕೆ ಹರಿದದ್ದು. ಬಲ್ಲವರೇ ಕಡಿಮೆ, ಮರಾಠಿಯಲ್ಲಿ ಹೆಸರಿಲ್ಲ, ಕನ್ನಡದಲ್ಲಿ ಇದ್ದರೆ ನೀವೇ ಹೇಳಿ ಅಂದಳು. ಒಂದು ಉದ್ದದ ಶಾಸ್ತ್ರದ ಹೆಸರು ಹೇಳಿದಳು, ನನ್ನ ನಾಲಿಗೆಗೆ ಅದು ಬರಲಿಲ್ಲ. ಗುಡ್ಡದ ಬುಡದವರೆಗೆ ನಾವು ಕಟ್ಟಡ ತಂದಿದ್ದೇವಲ್ಲ, ಅದರ ದೀಪಗಳೇ ಇವನ್ನು ಕೆಳಗೆ ಎಳೆಯುವುದಂತೆ. ಹಣೆಯ ಬಾಚಣಿಗೆ ನೋಡಿ, “ನರ್ ಹೈ” ಅಂದಳು.

ಮಂಚದಲ್ಲಿ ಒರಗಿದ್ದ ಅತ್ತೆ ಕಣ್ಣು ಬಿಟ್ಟರು. “ಎಂತ ಹೇಳ್ತಾಳೆ?”

“ಗಂಡು ಅಂತೆ.”

“ನಾನು ಹೇಳ್ಲಿಲ್ವಾ?” ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಸ್ವಲ್ಪ ಬೆಳಕು ಬಂತು. “ಅವಳಿಗೆ ಗೊತ್ತಿರ್ತದೆ. ಇವನಿಗೆ ಎಂತ ಸೇರ್ತದೆ ಕೇಳು. ಅದನ್ನೇ ಮಾಡುವಾ.”

ನಾನು ಕೇಳಿದೆ. ಮಧ್ಯಾಹ್ನ ಬಡಿಸಿ ಬಾಡಿದ ಎಲೆಯನ್ನೂ ಅದರ ಮೇಲಿನ ಅನ್ನವನ್ನೂ ಹುಡುಗಿ ಆಗ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಪಾಪ. ನಗುತ್ತಾ ಹೇಳಿದಳು: “ಕುಛ್ ನಹೀಂ ಖಾತಾ ಆಂಟಿ. ಇಸ್ಕಾ ಮೂಹ್ ಹೀ ನಹೀಂ ಹೋತಾ.”

ಇದು ಏನೂ ತಿನ್ನುವುದಿಲ್ಲ, ಇದಕ್ಕೆ ಬಾಯಿಯೇ ಇರುವುದಿಲ್ಲ ಎನ್ನುವುದನ್ನು ನಾನು ಅನುವಾದಿಸಬಾರದು ಅಂದುಕೊಂಡೆ. ಆದರೆ ತರಕಾರಿಯವನ ಜೊತೆ ಚೌಕಾಸಿ ಮಾಡಿ ಮಾಡಿ ಅತ್ತೆಗೆ ಅಷ್ಟು ಹಿಂದಿ ಬರುತ್ತಿತ್ತು. “ಮೂಹ್ ಇಲ್ವಾ?” ಎಂದು ತಮ್ಮ ಬಾಯಿಯನ್ನೇ ಮುಟ್ಟಿ ತೋರಿಸಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಗ ಸತ್ತ ದಿನವೂ ಹಾಗೆ ಅತ್ತವರಲ್ಲ. “ಬಾಯಿ ಇಲ್ಲದೆ ಬಂದನಾ! ಹೋಗುವಾಗ ಬಾಯಿ ಮುಚ್ಚಿಸಿ ಕಳಿಸಿದೆವು, ಹಾಗೇ ಬಂದನಾ! ಇನ್ನು ಅವನಿಗೆ ಉಣ್ಣಿಸುವುದು ಹೇಗೆ?”

ಮುಗಿಯಿತು ಅಂದುಕೊಂಡೆ. ಇನ್ನು ಅತ್ತೆ ನೀರನ್ನೂ ಮುಟ್ಟುವುದಿಲ್ಲ. ಈ ಹುಡುಗಿಯನ್ನು ಯಾವ ಬುದ್ಧಿಯಲ್ಲಿ ಕರೆತಂದೆ ಎಂದು ನನ್ನ ಮೇಲೆ ನನಗೇ ರೇಗಿತು. ಏನು ತಪ್ಪಾಯಿತು ಎಂದು ಹುಡುಗಿ ನನ್ನ ಮುಖ ನೋಡಿದಳು. ಅದು ಅವರ ಮಗ ಅಂತ, ಕೋಪಕ್ಕೆ ಮುಖ ತಿರುಗಿಸಿದ್ದಾನೆ ಅಂತ, ಅವನು ಉಣ್ಣದೆ ತಾನು ಉಣ್ಣುವುದಿಲ್ಲ ಅಂತ ಕೂತಿದ್ದಾರೆ ಅಂತ ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಹೋಗಿ ಮಂಚದ ಬುಡದಲ್ಲಿ ನೆಲದ ಮೇಲೆ ಕೂತಳು. ಅತ್ತೆಯ ಮೊಣಕಾಲಿನ ಮೇಲೆ ಕೈ ಇಟ್ಟಳು. ಒಂದು ಕ್ಷಣ ಶಬ್ದ ಹುಡುಕಿದಳು. ಆಮೇಲೆ, ನಾನು ಅವಳ ಬಾಯಲ್ಲಿ ಯಾವತ್ತೂ ಕೇಳದ ಕನ್ನಡ ಹೊರಗೆ ಬಂತು. ಅವಳ ಆಜಿಯ ಕನ್ನಡ ಇರಬೇಕು.

“ಅಮ್ಮಾ, ಅಳಬ್ಯಾಡ್ರಿ. ಅದರದ್ದು ಊಟ ಆಗೇತ್ರಿ.”

ಅತ್ತೆ ಸೆರಗು ತೆಗೆದರು. “ಎಂತ?”

“ಊಟ ಆಗೇತ್ರಿ ಅದರದ್ದು. ಸಣ್ಣಂದಿದ್ದಾಗ ಎಲ್ಲಾ ಉಂಡೇತ್ರಿ. ಅದರ ಅವ್ವ ಇರ್ತಾಳಲ್ರಿ, ಆಕಿ ಗುಡ್ಡದಾಗ ಬರೋಬ್ಬರಿ ಗಿಡ ಹುಡುಕಿ ಅದರ ಎಲಿ ಮ್ಯಾಲೇ ತತ್ತಿ ಇಡ್ತಾಳ್ರಿ. ಆ ಎಲಿ ತಿಂದು ತಿಂದು ಹೊಟ್ಟಿ ತುಂಬಿಸ್ಕೊಂಡಿರ್ತೈತಿ. ರೆಕ್ಕಿ ಬಂದ ಮ್ಯಾಲೆ ಬಾಯಿ ಯಾಕ್ ಬೇಕ್ರಿ? ಅವ್ವ ಕೊಟ್ಟ ಎಲಿನ ಕಡೀತನಕ ಸಾಕಾಗ್ತೈತ್ರಿ.” ತಡವರಿಸಿ, ನಡುನಡುವೆ ಹಿಂದಿ ತುರುಕಿ, ಇಷ್ಟು ಹೇಳಿದಳು. ಕೊನೆಗೆ ಇದನ್ನೂ ಸೇರಿಸಿದಳು: “ಸಿಟ್ಟಿಗಲ್ರಿ. ಹಸಿವೇ ಇಲ್ರಿ ಅದಕ್ಕ.”

ಅತ್ತೆ ಗೋಡೆಯ ಕಡೆ ನೋಡಿದರು. “ತಾಯಿ ಕೊಟ್ಟದ್ದೇ ಸಾಕಾಗ್ತದಾ?” ಎಂದು ಕೇಳಿದರು. ಹುಡುಗಿ ತಲೆಯಾಡಿಸಿದಳು. “ಕೊನೆಯವರೆಗೆ?” ಮತ್ತೆ ತಲೆಯಾಡಿಸಿದಳು. ಆಗ ಅತ್ತೆ ಪತಂಗದ ಕಡೆ ತಿರುಗಿ, ಮನೆಗೆ ಬಂದ ಯಾರನ್ನಾದರೂ ಕೇಳುವ ಹಾಗೆ ಸಾದಾ ದನಿಯಲ್ಲಿ ಕೇಳಿದರು: “ಒಣಸ್ ಆಂಡಾ ಮಗಾ?” ಊಟ ಆಯ್ತಾ ಮಗನೇ? ಉತ್ತರವನ್ನೂ ತಾವೇ ಹೇಳಿಕೊಂಡರು. “ಆತ್ಂಡ್.” ಆಗಿದೆ.

ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, ಇವುಗಳ ಆಯಸ್ಸು ಕೆಲವೇ ದಿನ, ಗುಡ್ಡಕ್ಕೆ ಹೋಗಿ ತನ್ನ ಜೊತೆಯನ್ನು ಹುಡುಕಿಕೊಳ್ಳಬೇಕು, ಇಲ್ಲಿ ದೀಪ ಉರಿಯುತ್ತಿರುವವರೆಗೂ ಈ ಗೋಡೆ ಬಿಟ್ಟು ಏಳುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ಆ ಕೋಣೆಯಲ್ಲೇ ಇವರ ಫೋಟೋದ ಮುಂದೆ ಹಗಲೂ ಇರುಳೂ ದೀಪವಿತ್ತು. ಅದು ಆರಬಾರದು ಎಂದು ಅತ್ತೆಯೇ ಎದ್ದೆದ್ದು ಎಣ್ಣೆ ಹಾಕುತ್ತಿದ್ದರು. ಮಗ ಕತ್ತಲಲ್ಲಿ ಕೂರಬಾರದು ಎಂದು ಕೋಣೆಯ ಟ್ಯೂಬ್‌ಲೈಟನ್ನೂ ಆರಿಸಲು ಬಿಟ್ಟಿರಲಿಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಆದರೂ ಹೇಳಿದೆ.

ಅತ್ತೆ ಸಿಟ್ಟಾಗಲಿಲ್ಲ. ಗೋಡೆ ಹಿಡಿದು ಎದ್ದರು. “ಊಟ ಆದವರು ಏಳಬೇಕಲ್ಲ” ಅಂದರು. “ಅವನೇ ಹೇಳ್ತಿದ್ದದ್ದು.” ಫೋಟೋದ ಮುಂದಿನ ಸೇವಂತಿಗೆ ಹೂವೊಂದನ್ನು ತೆಗೆದು ಬತ್ತಿಗೆ ಒತ್ತಿ ದೀಪ ಶಾಂತ ಮಾಡಿದರು, ಬಾಯಿಂದ ಊದುವ ಪದ್ಧತಿ ನಮ್ಮಲ್ಲಿಲ್ಲ. ನಾನು ಟ್ಯೂಬ್‌ಲೈಟ್ ಆರಿಸಿದೆ. ಹುಡುಗಿ ಸೊಳ್ಳೆಯ ಜಾಲರಿ ಸರಿಸಿ ಕಿಟಕಿಯನ್ನು ಪೂರ್ತಿ ತೆರೆದು, ಸದ್ದಿಲ್ಲದೆ ತನ್ನ ಮನೆಗೆ ಇಳಿದುಹೋದಳು. ಮಳೆ ನಿಂತಿತ್ತು. ಆಚೆ ಗುಡ್ಡ ಕಪ್ಪಾಗಿತ್ತು, ಅದರ ನೀರಿನ ಸದ್ದು ಒಳಗೆ ಬರುತ್ತಿತ್ತು. ನಾವಿಬ್ಬರೂ ಕತ್ತಲಲ್ಲಿ ಕೂತೆವು.

ಗೋಡೆಯ ಮೇಲೆ ಪಟಪಟ ಸದ್ದಾಯಿತು. ನಿಂತಿತು. ಮತ್ತೆ ಆಯಿತು. ಏನೋ ನನ್ನ ಕೆನ್ನೆಯ ಹತ್ತಿರದಿಂದ ಹಾದುಹೋಯಿತು, ತಾಗಿತೋ ಇಲ್ಲವೋ ಹೇಳಲಾರೆ. ಪರದೆ ಒಮ್ಮೆ ಅಲುಗಿತು. ಆಮೇಲೆ ನೀರಿನ ಸದ್ದು ಮಾತ್ರ ಉಳಿಯಿತು. ಹೋದರು ಅಂತ ನನ್ನ ಬಾಯಲ್ಲೇ ಬಂತು, ನಂಬಿಕೆ ಇಲ್ಲದವಳ ಬಾಯಲ್ಲಿ.

ಸ್ವಲ್ಪ ಹೊತ್ತಿನ ಮೇಲೆ ಬಾಳೆಲೆ ನೆಲದ ಮೇಲೆ ಸರಿದ ಶಬ್ದ ಕೇಳಿತು. ಅನ್ನ ಕಲಸುವ ಶಬ್ದ. ಅತ್ತೆ ಉಣ್ಣುತ್ತಿದ್ದರು. ನಾನು ಕೂತಲ್ಲೇ ಕೂತೆ, ಅಲುಗಿದರೆ ನಿಲ್ಲಿಸಿಬಿಡುತ್ತಾರೋ ಎಂಬ ಹೆದರಿಕೆ. ಒಂದು ತುತ್ತು, ಇನ್ನೊಂದು, ಮತ್ತೊಂದು.

“ಸಾರಿಗೆ ಉಪ್ಪು ಹೆಚ್ಚಾಯ್ತು” ಅಂದರು.

“ನಾಳೆ ಕಡಿಮೆ ಹಾಕ್ತೇನೆ.”

ಮತ್ತೆ ಉಂಡರು. ಆಮೇಲೆ ಕೈ ನಿಂತಿತು. “ನಿನ್ನ ಊಟ ಆಯ್ತಾ?”

ಇವರು ಆಸ್ಪತ್ರೆ ಸೇರಿದಂದಿನಿಂದ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಬಂದವರೆಲ್ಲ ಧೈರ್ಯ ಹೇಳಿದ್ದರು, ಹಣೆಬರಹ ಅಂದಿದ್ದರು, ಅತ್ತೆಯನ್ನು ನೋಡಿಕೋ ಅಂದಿದ್ದರು. ಆಯ್ತು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟು ದಿನ ತಡೆದಿಟ್ಟಿದ್ದೆಲ್ಲ ಒಮ್ಮೆಲೇ ಬಂತು. ಸೆರಗು ಮುಚ್ಚಿಕೊಳ್ಳದೆ, ಗಟ್ಟಿಯಾಗಿ, ಮಕ್ಕಳ ಹಾಗೆ ಅತ್ತುಬಿಟ್ಟೆ. ಅವರು ತಡೆಯಲಿಲ್ಲ. ಅಳು ಇಳಿಯುವವರೆಗೆ ಕಾದು, ಕತ್ತಲಲ್ಲಿ ನನ್ನ ಕೈ ಹುಡುಕಿ, ಎಲೆಯ ಹತ್ತಿರ ಎಳೆದುಕೊಂಡರು.

“ಬಾ, ಉಣ್ಣು” ಅಂದರು. “ಇಬ್ಬರಿಗೆ ಆಗುವಷ್ಟು ಉಂಟು.”